ಭಾಷೆ ನೋಡಿ ದೇಶ ಆರಿಸುತ್ತಾರಾ, ದೇಶ ನೋಡಿ ಭಾಷೆ ಕಲಿಯುತ್ತಾರಾ?

ಬಲ್ಲ ಭಾಷೆ ಇರುವ ಕಡೆಗೇ ಜನ ವಲಸೆ ಹೋಗುತ್ತಾರಾ, ಇಲ್ಲ ಸಂಬಳ ನೋಡಿ ಹೋಗಿ ಆಮೇಲೆ ಕಲಿಯುತ್ತಾರಾ ಅಂತ ಕೇಳಿದ್ದೀರಿ. ಎರಡೂ ಉಂಟು. ಆದರೆ ಯಾವ ಕೆಲಸ ಅನ್ನುವುದರ ಮೇಲೆ ತುಂಬಾ ನಿಂತಿದೆ. ಹೊರದೇಶಕ್ಕೆ ಹೊರಟವರಿಗೆ ನಾನು ಜರ್ಮನ್ ಕಲಿಸುತ್ತೇನೆ, ದಿನಾ ಇದನ್ನೇ ನೋಡುತ್ತಿದ್ದೇನೆ.

ಸಾಫ್ಟ್‌ವೇರ್‌ನವರು ಬರ್ಲಿನ್‌ನಲ್ಲಿ ಬರೀ ಇಂಗ್ಲಿಷ್‌ನಲ್ಲೇ ಕೆಲಸ ಮಾಡಬಹುದು. ನರ್ಸ್‌ಗಳಿಗೆ ಅದು ಆಗದು. ಜರ್ಮನಿಯಲ್ಲಿ ಅವರಿಗೆ ಸಾಮಾನ್ಯವಾಗಿ ಬಿ2 ಮಟ್ಟ ಬೇಕು, ಅಂದರೆ ಜರ್ಮನ್ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಆರು ಮೆಟ್ಟಿಲಲ್ಲಿ ನಾಲ್ಕನೆಯದು. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಹತ್ತು ವರ್ಷ ಐಸಿಯುನಲ್ಲಿ ದುಡಿದವರು. ಔಷಧಿ, ಡೋಸ್ ಎಲ್ಲ ಜರ್ಮನ್‌ನಲ್ಲಿ ಬಾಯಿಪಾಠ. ಒಂದು ದಿನ ರೋಗಿಯ ಮಗಳು ಫೋನ್ ಮಾಡಿದ ಹಾಗೆ ಮಾತಾಡಿದೆ. 'ಅಪ್ಪನಿಗೆ ರಾತ್ರಿ ನಿದ್ದೆ ಬಂತಾ?' ಇಷ್ಟೇ ಕೇಳಿದ್ದು. ಅವರಿಗೆ ಮಾತೇ ಹೊರಡಲಿಲ್ಲ. ಪುಸ್ತಕದ ಹಾಳೆಯ ಮೂಲೆ ಮಡಿಸುತ್ತಾ ಕೂತರು. ಆಮೇಲೆ, 'ಅಲ್ಲಿ ನಾನು ಮತ್ತೆ ಹೊಸಬಳಾಗ್ತೀನಾ ಮೇಡಂ?' ಅಂದರು.

ಜನ ಒಳಗೊಳಗೆ ಹಾಕುವ ಲೆಕ್ಕ ಇದೇ ಅಲ್ವಾ? ಇಷ್ಟು ವರ್ಷ ಕಲಿತಿದ್ದು ಅಲ್ಲಿ ಉಪಯೋಗಕ್ಕೆ ಬರುತ್ತಾ ಅಂತ. ಕೊನೆಗೆ ಅವರು ಐರ್ಲೆಂಡ್ ಆರಿಸಿಕೊಂಡರು. ಅಲ್ಲಿಗೂ ಭಾಷಾ ಪರೀಕ್ಷೆ ಉಂಟು, ಆದರೆ ಅದು ಇಂಗ್ಲಿಷ್‌ನದ್ದು. ನನಗೆ ಬೇಜಾರಾಗಲಿಲ್ಲ, ಅವರ ಮಟ್ಟಿಗೆ ಅದೇ ಸರಿ.

ದೊಡ್ಡ ಮಟ್ಟದಲ್ಲೂ ಹೀಗೇ. ಬ್ರೆಜಿಲ್‌ನವರು ಪೋರ್ಚುಗಲ್‌ಗೆ, ಕೊಲಂಬಿಯಾದವರು ಸ್ಪೇನ್‌ಗೆ, ಅಲ್ಜೀರಿಯಾದವರು ಫ್ರಾನ್ಸ್‌ಗೆ ಜಾಸ್ತಿ ಹೋಗುತ್ತಾರೆ. ಎಲ್ಲ ಭಾಷೆಯಿಂದಲೇ ಅಂತಲ್ಲ. ಹಳೆಯ ವಸಾಹತಿನ ನಂಟು, ಮೊದಲೇ ಹೋದ ನೆಂಟರು, ಕಾನೂನು ಎಲ್ಲ ಸೇರಿರುತ್ತವೆ. ಸ್ಪೇನ್‌ನಲ್ಲಿ ಪೌರತ್ವಕ್ಕೆ ಸಾಮಾನ್ಯವಾಗಿ 10 ವರ್ಷ ವಾಸ ಬೇಕು, ಲ್ಯಾಟಿನ್ ಅಮೆರಿಕದ ದೇಶಗಳವರಿಗೆ 2 ವರ್ಷ ಸಾಕು. ಆದರೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಭಾಷೆಯ ಪ್ರಭಾವ ಉಳಿಯುತ್ತದೆ. ಅಡ್ಸೆರಾ ಮತ್ತು ಪಿಟ್ಲಿಕೋವಾ ಎಂಬ ಅರ್ಥಶಾಸ್ತ್ರಜ್ಞೆಯರು 1980ರಿಂದ 2010ರವರೆಗೆ 30 ಶ್ರೀಮಂತ ದೇಶಗಳಿಗೆ ಬಂದವರ ಅಂಕಿಅಂಶ ನೋಡಿ ಇದನ್ನು ತೋರಿಸಿದ್ದಾರೆ. ಇಂಗ್ಲಿಷ್ ಆಡದ ದೇಶಗಳ ವಿಷಯದಲ್ಲಿ ಭಾಷೆಯ ಹತ್ತಿರ-ದೂರ ಇನ್ನೂ ಹೆಚ್ಚು ಮುಖ್ಯವಾಗುತ್ತದಂತೆ. ಇಂಗ್ಲಿಷನ್ನಾದರೆ ಎಷ್ಟೋ ಜನ ಶಾಲೆಯಲ್ಲೇ ಕಲಿತಿರುತ್ತಾರೆ.

ಭಾಷೆ ಬಾರದವರು ತಮ್ಮವರು ಇರುವ ಊರು ಹುಡುಕುತ್ತಾರೆ. ಮೊದಲ ಕೆಲಸ, ಬಾಡಿಗೆ ಮನೆ ಎಲ್ಲ ತಮ್ಮ ಭಾಷೆಯಲ್ಲೇ ಸಿಗುತ್ತದೆ. ಅದು ದೊಡ್ಡ ಆಸರೆ. ಆದರೆ ಹೊಸ ಭಾಷೆ ಕಲಿಯುವುದು ಅಲ್ಲಿ ನಿಧಾನವಾಗುತ್ತದೆ.

ನೀವೇ ಹೊರಡುವ ಯೋಚನೆಯಲ್ಲಿದ್ದರೆ, ನಿಮ್ಮ ಕೆಲಸದಲ್ಲಿ ದಿನಕ್ಕೆ ಎಷ್ಟು ಹೊತ್ತು, ಯಾರ ಜೊತೆ ಮಾತಾಡಬೇಕಾಗುತ್ತದೆ ಅಂತ ಒಂದು ವಾರ ಬರೆದಿಟ್ಟು ನೋಡಿ. ದೇಶದ ಪಟ್ಟಿ ಆಮೇಲೆ ಮಾಡಿ.