ರಾಜೀನಾಮೆಗೆ ಮೊದಲು ಕೊಡಬೇಕಾಗಿದ್ದ ಉತ್ತರ

ಕೆಲವು ವರ್ಷಗಳಿಂದ ಆಪ್ತಸಲಹೆಗೆಂದು ನನ್ನ ಬಳಿ ಬರುವವರಲ್ಲಿ ಕಾಲೇಜು ಅಧ್ಯಾಪಕರ ಸಂಖ್ಯೆ ಹೆಚ್ಚುತ್ತಿದೆ. ಬಹುಮಟ್ಟಿಗೆ ಎಲ್ಲರೂ ಪಿಎಚ್.ಡಿ. ಮುಗಿಸಿದವರು, ನಲವತ್ತರ ಆಸುಪಾಸಿನವರು. ‘ಈ ಕೆಲಸಕ್ಕೆ ಅರ್ಥವಿಲ್ಲ, ಬಿಟ್ಟು ನಾಲ್ಕು ಜನರಿಗೆ ಉಪಯೋಗವಾಗುವುದನ್ನು ಮಾಡಬೇಕು’ ಎಂದೇ ಮಾತು ಆರಂಭಿಸುತ್ತಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಗೆ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದ್ದೂ ಬರೆಯಲು ಒಂದು ಕಾರಣ.

ಈಕೆ ಭೂವಿಜ್ಞಾನದ ಅಧ್ಯಾಪಕಿ. ಖಾಸಗಿ ಕಾಲೇಜಿನಲ್ಲಿ 9 ವರ್ಷದ ಸೇವೆ, ಬ್ಯಾಂಕಿನಲ್ಲಿರುವ ಪತಿ, ಒಬ್ಬಳು ಮಗಳು, ತೀರದ ಮನೆಸಾಲ. ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿರುವ, ಮಿತಿ ಮೀರಿದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಅವರ ಪಿಎಚ್.ಡಿ. ವಿಷಯ. ಮೊದಲ ಎರಡು ಭೇಟಿಗಳಲ್ಲಿ ಅವರು ಹೇಳಿಕೊಂಡದ್ದು ನಾನು ಹಲವರಿಂದ ಕೇಳಿರುವಂಥದ್ದೇ: ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ ರಾತ್ರಿಯವರೆಗೆ ಕಡತ ತುಂಬುವುದು, ಯುಜಿಸಿ-ಕೇರ್ ಪಟ್ಟಿಯ (ಯುಜಿಸಿ ಮಾನ್ಯ ಮಾಡಿದ್ದ ಸಂಶೋಧನಾ ಪತ್ರಿಕೆಗಳ ಪಟ್ಟಿ, 2025ರಲ್ಲಿ ಕೈಬಿಡಲಾಯಿತು) ಪತ್ರಿಕೆಗಳಲ್ಲಿ ಲೇಖನ ತರಲೇಬೇಕೆಂಬ ಒತ್ತಡ, ಯಾರೂ ಓದದ ಪ್ರಬಂಧಗಳು. ಬಳಲಿದ ಮನಸ್ಸಿಗೆ ಯಾವ ಕೆಲಸದಲ್ಲೂ ಅರ್ಥ ಕಾಣದಿರಬಹುದಾದ್ದರಿಂದ ನಿದ್ರೆ, ಹಸಿವು, ಆಸಕ್ತಿಗಳ ಬಗ್ಗೆ ವಿವರವಾಗಿ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ನೋಟಿಸ್ ಅವಧಿ ಎಷ್ಟು, ಐದು ವರ್ಷ ದಾಟಿದ ಸೇವೆಗೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಎಷ್ಟು ಬರುತ್ತದೆ, ಸಾಲದ ಕಂತು ಎಷ್ಟು ತಿಂಗಳು ನಡೆಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ಪತಿಯೊಂದಿಗೆ ಕುಳಿತು ಮಾತನಾಡಿ ಎಂದೆ. ಇದು ಸಪ್ಪೆ ಸಲಹೆಯೆಂದು ಮೂಗು ಮುರಿಯುವವರಿದ್ದಾರೆ. ಲೆಕ್ಕ ಹಾಕದೆ ಬಿಟ್ಟವರು ಆರು ತಿಂಗಳಿಗೆ ಮತ್ತೆ ನನ್ನೆದುರು ಬಂದು ಕುಳಿತದ್ದನ್ನು ನಾನು ಕಂಡಿದ್ದೇನೆ.

ಮೂರನೆಯ ಭೇಟಿಯಲ್ಲಿ, ನೀರಿನ ಮಾದರಿ ಸಂಗ್ರಹಿಸಿದ ದಿನಗಳು ಹೇಗಿದ್ದವು ಎಂದು ಮಾತಿಗೆ ಮಾತು ಬಂದು ಕೇಳಿದೆ. ಅವರ ಮುಖ ಅರಳಿತು, ಮರುಕ್ಷಣವೇ ಬಾಡಿತು. ಒಂದು ಊರಿನಲ್ಲಿ ಬಾಟಲಿಗೆ ನೀರು ತುಂಬುತ್ತಿದ್ದಾಗ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟು, ‘ನಮ್ ಬೋರಿನ ನೀರು ಪಾಸಾಯ್ತೋ ಫೇಲಾಯ್ತೋ ಬಂದು ಹೇಳವ್ವಾ’ ಎಂದಿದ್ದರಂತೆ.

‘ಏನಾಗಿತ್ತು ಫಲಿತಾಂಶ?’

‘ಫೇಲ್ ಮೇಡಂ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಅದರ ಎರಡರಷ್ಟಿತ್ತು. ಮೊಮ್ಮಗನಿಗೆ ಕಾಯಿಸಿಯೇ ಕೊಡ್ತೀನಿ ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.’

‘ಅಜ್ಜಿಗೆ ಹೇಳಿದಿರಾ?’

ಅವರು ಬಹಳ ಹೊತ್ತು ಮಾತಾಡಲಿಲ್ಲ. ಫಲಿತಾಂಶ ಬಂದಾಗ ಪ್ರಬಂಧ ಸಲ್ಲಿಸುವ ಗಡುವಿತ್ತು, ಆಮೇಲೆ ಲೇಖನ ಬರೆಯುವುದಿತ್ತು, ಹೀಗೆ ನಾಲ್ಕು ವರ್ಷ ಕಳೆದಿತ್ತು.

ರಾಜೀನಾಮೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಆ ಊರಿಗೆ ಹೋಗಿ ಬನ್ನಿ ಎಂದು ಸಲಹೆ ಕೊಟ್ಟೆ. ಮೊದಲೇ ನೊಂದವರ ತಲೆಯ ಮೇಲೆ ಅಪರಾಧಿ ಭಾವವನ್ನು ಹೇರಿದಿರಿ ಎಂಬುದು ಸಹೋದ್ಯೋಗಿಯ ಆಕ್ಷೇಪ. ಆ ಅಪಾಯ ಇತ್ತು, ಒಪ್ಪುತ್ತೇನೆ. ಆದರೆ ಆ ಭಾವವನ್ನು ನಾನು ಹೊಸದಾಗಿ ತಂದಿರಲಿಲ್ಲ. ನಾಲ್ಕು ವರ್ಷದಿಂದ ಅದು ಅವರೊಳಗೇ ಇದ್ದು, ‘ನನ್ನ ಕೆಲಸಕ್ಕೆ ಅರ್ಥವಿಲ್ಲ’ ಎಂಬ ಮಾತಿನ ಮರೆಯಲ್ಲಿ ಕುಳಿತಿತ್ತು. ‘ಅರ್ಥಪೂರ್ಣ ಕೆಲಸ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಅನುಮಾನವೇ. ಇದ್ದ ಕೆಲಸದಲ್ಲಿ ಯಾರಿಗೆ ಉತ್ತರ ಕೊಡಬೇಕಾಗಿತ್ತೋ ಅವರಿಗೆ ಕೊಡದೆ ಹೊರಟವರು, ಹೋದಲ್ಲೂ ಇನ್ನೊಬ್ಬರ ಬಾಕಿ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ನಾನು ನಂಬಿದ್ದೇನೆ. ಅವರ ವೃತ್ತಿಯನ್ನು ಉಳಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಬಿಡುವುದಾದರೆ ಯಾವುದನ್ನು ಬಿಡುತ್ತಿದ್ದೇನೆ ಎಂಬುದು ಅವರಿಗೆ ತಿಳಿದಿರಲಿ ಎಂಬುದಷ್ಟೇ ಆಗಿತ್ತು.

ಅವರು ಹೋದರು. ಅಜ್ಜಿ ಬೈಯಲಿಲ್ಲವಂತೆ, ‘ಹಂಗಾದ್ರೆ ಯಾವ್ ನೀರು ಕುಡೀಬೇಕು?’ ಎಂದಷ್ಟೇ ಕೇಳಿದರಂತೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ತಿಂಗಳುಗಳಾಗಿದ್ದವು. ಹಲ್ಲಿನ ಮೇಲೆ ಕಂದು ಕಲೆ ಮೂಡಿದ್ದ ಮೊಮ್ಮಗ, ಇದು ಉಜ್ಜಿದರೆ ಹೋಗುತ್ತದೆಯೇ ಎಂದು ಕೇಳಿದ. ಹೋಗುವುದಿಲ್ಲ ಎಂದು ಹೇಳಿ ಬಂದೆ ಎಂದು ನಾಲ್ಕನೆಯ ಭೇಟಿಯಲ್ಲಿ ಅತ್ತರು. ಅಂದು ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.

ಮುಂದಿನ ನಾಲ್ಕು ತಿಂಗಳು ಬಿಡುವಿನ ಶನಿವಾರಗಳಂದು ಗ್ರಾಮ ಪಂಚಾಯಿತಿಗೆ ಓಡಾಡಿ ಆ ಘಟಕವನ್ನು ರಿಪೇರಿ ಮಾಡಿಸಿದರು. ಎರಡು ಸಲ ವಿದ್ಯಾರ್ಥಿಗಳನ್ನೂ ಕರೆದೊಯ್ದರು. ಇನ್ನು ಕಾಲೇಜಿನಲ್ಲೇ ಉಳಿಯಬಹುದೆಂದು ನಾನು ಊಹಿಸಿದ್ದೆ, ಆ ಊಹೆ ತಪ್ಪಾಯಿತು. ಶೈಕ್ಷಣಿಕ ವರ್ಷ ಮುಗಿದ ಮೇಲೆ ರಾಜೀನಾಮೆ ಕೊಟ್ಟು, ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಸಣ್ಣ ಸಂಸ್ಥೆಯೊಂದನ್ನು ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ಸೇರಿದರು. ಎರಡು ವರ್ಷದ ಮಟ್ಟಿಗೆ ಎಂದು ಪತಿ ಒಪ್ಪಿದ್ದಾರೆ. ಆ ಅವಧಿ ಇನ್ನೂ ಮುಗಿದಿಲ್ಲ.