ದುಡ್ಡು ನಂದೇ, ಆದ್ರೂ ಕದ್ದ ಹಾಗೆ

ಸರಿಪಡಿಸಿದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್‌ಗೆಲ್ಲ ಆಪ್ತಸಲಹೆ ಬೇಕಾ ಅಂತ ನಗುವವರಿದ್ದಾರೆ. ಆದರೆ ಸಲಹೆಗೆ ನನ್ನ ಹತ್ತಿರ ಬರುವ ಹೆಂಗಸರಲ್ಲಿ, ತಮಗಾಗಿ ಮಾಡಿಸಿಕೊಂಡದ್ದನ್ನು ಬಚ್ಚಿಡುವ ಈ ಕಥೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರಿಗೆ ಕನ್ನಡಕ, ಇನ್ನೊಬ್ಬರಿಗೆ ಕಿವಿಯ ಮೆಷಿನ್. ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ರಿಟೇನರ್ ಕಥೆಯ ಈ ಹೆಂಗಸಿನ ವಯಸ್ಸು ನಲವತ್ತರ ಆಸುಪಾಸು. ಪತ್ತಿನ ಸಹಕಾರ ಸಂಘದಲ್ಲಿ ಕೌಂಟರ್ ಕೆಲಸ. ಉಬ್ಬುಹಲ್ಲಿಗೆ ತಮ್ಮ ಸಂಬಳದಲ್ಲೇ ಕ್ಲಿಪ್ ಹಾಕಿಸಿಕೊಂಡಿದ್ದರು. ಅದನ್ನು ತೆಗೆದ ಮೇಲೆ ಡಾಕ್ಟರು ಪ್ಲಾಸ್ಟಿಕ್ ರಿಟೇನರ್ ಕೊಟ್ಟು, ಕೆಲವು ತಿಂಗಳು ಊಟ-ತಿಂಡಿ ಹೊತ್ತು ಬಿಟ್ಟು ಸದಾ ಹಾಕಿರಿ ಅಂದರು. ಹಾಕಿದ್ದೇ ತಡ, ಬಾಯಿ ತುಂಬ ಜೊಲ್ಲು. ಸಾಲ, ಸಹಿ, ಸದಸ್ಯರು, ಷೇರು: ಕೌಂಟರಿನ ಮಾತೆಲ್ಲ ನಾಲಿಗೆಗೆ ತೊಡರುವಂಥವೇ. ಹಾಕುವುದನ್ನೇ ಬಿಟ್ಟರು. ಹಲ್ಲು ಮತ್ತೆ ಸರಿಯುತ್ತದೆಂಬ ಭಯಕ್ಕೆ ನಿದ್ದೆಯೂ ಹೋಯಿತು.

ಒಂದು ದಿನ, ರಿಟೇನರ್ ತೋರಿಸಿ ಅಂದೆ. ವ್ಯಾನಿಟಿ ಬ್ಯಾಗಿನ ಒಳಜಿಪ್ ಎಳೆದು ಕರ್ಚೀಫಿನ ಗಂಟು ಬಿಚ್ಚಿದರು.

"ಡಬ್ಬಿ ಕೊಟ್ಟಿರಲಿಲ್ವಾ?"

"ಕೊಟ್ಟಿದ್ರು ಮೇಡಂ. ನೀಲಿ ಬಣ್ಣ, ಎದ್ದು ಕಾಣುತ್ತೆ. ನಮ್ಮತ್ತೆ ನೋಡಿದ್ರೆ, ಹಲ್ಲಿಗೆ ಇನ್ನೂ ಎಷ್ಟು ಸುರೀತೀಯಾ ಅಂತಾರೆ."

"ಸುರಿದಿದ್ದು ನಿಮ್ಮ ದುಡ್ಡು ತಾನೆ?"

ಕರ್ಚೀಫನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ದುಡ್ಡು ನಂದೇ. ಆದ್ರೂ ಕದ್ದ ಹಾಗೆ ಅನ್ಸುತ್ತೆ. ಮಗಳಿಗೆ ಹಾಕಿಸಿದ್ರೆ ಹೀಗನ್ನಿಸ್ತಿರಲಿಲ್ಲ."

ತೊದಲಿನ ಕಾಟ ನಿಜವೇ. ಆದರೆ ಹಾಕಿಕೊಂಡೇ ಇದ್ದರೆ ನಾಲಿಗೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಈ ಕಳ್ಳತನದ ಭಾವ ಹಾಗೆ ತಾನಾಗಿ ಹೋಗುವುದಲ್ಲ.

ನೇರವಾಗಿಯೇ ಹೇಳಿದೆ. ಮೊದಲು ಡಾಕ್ಟರಿಗೆ ತೋರಿಸಿ, ಬಿಗಿಯಾದರೆ ಒತ್ತಿ ಕೂರಿಸಬೇಡಿ. ದಿನಾ ರಿಟೇನರ್ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದಿ, ಮನೆಯವರಿಗೆ ಕೇಳಿಸಲಿ. ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೀಲಿ ಡಬ್ಬಿಯನ್ನು ಬಚ್ಚಲಲ್ಲಿ ಎಲ್ಲರ ಬ್ರಷ್‌ಗಳ ಪಕ್ಕ ಇಡಿ.

ಡಬ್ಬಿ ಎಲ್ಲಿಡಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ, ಅವರೇ ದಾರಿ ಕಂಡುಕೊಳ್ಳಲಿ ಎಂದು ಜೊತೆಯವರೊಬ್ಬರು ಆಕ್ಷೇಪಿಸಿದರು. ಸಾಮಾನ್ಯವಾಗಿ ನಾನೂ ಅದೇ ಪಂಗಡ. ಆದರೆ ಸರಿಸಿದ ಹಲ್ಲಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೆ ಹಲ್ಲನ್ನು ಹಳೇ ಜಾಗಕ್ಕೇ ಎಳೆಯುತ್ತಿರುತ್ತವೆ. ಮನಸ್ಸು ನಿಧಾನಕ್ಕೆ ದಾರಿ ಹುಡುಕಲಿ ಎಂದು ಕೂರುವಷ್ಟು ಸಮಯ ಇರಲಿಲ್ಲ. ಬಚ್ಚಿಟ್ಟ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದನ್ನು ಬೇಕಾದಷ್ಟು ನೋಡಿದ್ದೇನೆ.

ಅತ್ತೆಯನ್ನು ಕೆಟ್ಟವರು ಅನ್ನಲಾರೆ. ತನಗಾಗಿ ಒಂದು ರೂಪಾಯಿ ಬಿಚ್ಚದೆ ಬದುಕಿದವರಿಗೆ ಸೊಸೆಯ ಖರ್ಚು ದುಂದು ಅನ್ನಿಸುತ್ತದೆ. ಅಷ್ಟಕ್ಕೆ ಸೊಸೆಯೂ ಹಾಗೇ ಬದುಕಬೇಕಾಗಿಲ್ಲ.

ಹಳೇ ರಿಟೇನರ್ ಕೂರಲಿಲ್ಲ, ಹೊಸದು ಮಾಡಿಸಬೇಕಾಯಿತು. ಈ ಸಲ ರೊಕ್ಕ ಎಷ್ಟೆಂದು ಮನೆಯಲ್ಲಿ ಹೇಳಿಯೇ ಮಾಡಿಸಿದರು. ಅತ್ತೆ ಎರಡು ದಿನ ಗೊಣಗಿದರಂತೆ.