ಅರವಟ್ಟಿಗೆಗೆ ಗಡಿಗೆ ಬಂತು, ನೀರು ಹಾಕುವವರು ಯಾರು?

ಓದುಗರ ಪ್ರಶ್ನೆ – ಬಲ್ಲವರ ಉತ್ತರ: ಬೇಸಿಗೆ ಸಂಚಿಕೆ

ನಮ್ಮ ಯುವಕ ಮಂಡಳದಿಂದ ಹೋದ ವರ್ಷ ಬಸ್‌ಸ್ಟಾಪ್ ಕಡೆ ಅರವಟ್ಟಿಗಿ ಇಟ್ಟಿದ್ವಿ. ಎಂಟು ದಿನ ಛಲೋ ನಡೀತು. ಆಮ್ಯಾಲ ನೀರು ತಣ್ಣಗ ಆಗವಲ್ದು, ವಾಸನಿ ಬರ್ತದ ಅಂತ ಜನ ಕುಡಿಯೋದ ಬಿಟ್ರು. ಈ ಸಲ ಏನೇನು ತಗೋಬೇಕು?
– ಓದುಗರು, ಹಳೇಹುಬ್ಬಳ್ಳಿ

ಏನನ್ನಾದರೂ ಕೊಳ್ಳುವ ಮೊದಲು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಡಿಗೆ ಹತ್ತಿರ ಯಾರು ಕೂಡುತ್ತಾರೆ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆ ದತ್ತಿ ಬಿಟ್ಟ ಉಲ್ಲೇಖ ಸಿಗುತ್ತದೆ. ಆ ದತ್ತಿ ಗಡಿಗೆಯ ಬೆಲೆಗಲ್ಲ, ಅರವಟ್ಟಿಗೆ ನಡೆಯುವುದಕ್ಕೆ. ಈಗಿನ ಮಂಡಳಗಳು ಉದ್ಘಾಟನೆ, ಬ್ಯಾನರು, ಪೇಂಟಿಗೆ ದುಡ್ಡು ಸುರಿದು ಕೂಡುವವರ ದಿನಗೂಲಿಗೆ ಬಂದಾಗ ಕೈ ಬಿಗಿ ಹಿಡಿಯುತ್ತವೆ. ಎರಡು ತಿಂಗಳ ಪಟ್ಟಿ (ಚಂದಾ) ಕೂಡಿಸುವುದಿದ್ದರೆ ಮೊದಲು ಆ ಕೂಲಿ ತೆಗೆದಿಡಿ, ಉಳಿದದ್ದರಲ್ಲಿ ಗಡಿಗೆ ತನ್ನಿ.

ಒಬ್ಬರಿಗೆ ಎರಡು ಲೋಟ, ಅಂದರೆ 400 ಮಿಲಿಲೀಟರ್ ಹಿಡಿಯಿರಿ. ದಿನಕ್ಕೆ 250 ಜನ ಬಂದರೆ 100 ಲೀಟರ್ ಬೇಕು. 20 ಲೀಟರಿನ ಐದು ಗಡಿಗೆ ಸಾಕು, ಆದರೆ ಏಳು ತನ್ನಿ. ದಿನಾ ಎರಡನ್ನು ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ಹೊಸ ಗಡಿಗೆಗೆ ಒಂದು ದಿನ ನೀರು ತುಂಬಿಟ್ಟು ಚೆಲ್ಲಿ. ಮಣ್ಣಿನ ವಾಸನೆ ಹೋಗುವವರೆಗೆ ಎರಡು ಮೂರು ಸಲ ಹೀಗೇ ಮಾಡಿ.

ನೀರು ತಣ್ಣಗಾಗದಿರಲು ಕಾರಣ ಗಡಿಗೆಯ ಹೊರಮೈ. ಒಳಗಿನ ನೀರು ಸಣ್ಣ ರಂಧ್ರಗಳಿಂದ ಹೊರಗೆ ಒಸರಿ ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಗಡಸು ನೀರಾದರೆ ದಿನ ಕಳೆದಂತೆ ಹೊರಗೆ ಬಿಳಿ ಉಪ್ಪು ಕಟ್ಟಿ ಆ ರಂಧ್ರಗಳು ಮುಚ್ಚುತ್ತವೆ. ತೆಂಗಿನ ನಾರಿನಿಂದ ಒರಟಾಗಿ ತಿಕ್ಕಿ. ಸೋಪು, ಪುಡಿ ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಂಡು ಮರುದಿನ ನೀರಿಗೆ ಬಿಡುತ್ತದೆ. ಎಣ್ಣೆ ಪೇಂಟು ಬಳಿದು ಮಂಡಳದ ಹೆಸರು ಬರೆಸಿದ ಗಡಿಗೆ ತಣ್ಣಗಾಗುವುದೇ ಇಲ್ಲ. ನಿಮ್ಮದರಲ್ಲಿ ಇದೂ ಆಗಿರಬಹುದು, ನೋಡಿಕೊಳ್ಳಿ. ಹೆಸರು ಹಲಗೆಯ ಮೇಲೆ ಇರಲಿ.

ಜಾಗ ನೋಡುವಾಗ ಪಡುವಣಕ್ಕೆ ಗೋಡೆಯೋ ಮರವೋ ಇರಬೇಕು. ಹನ್ನೊಂದಕ್ಕೆ ನೆರಳಿದ್ದ ಜಾಗಕ್ಕೆ ಮೂರು ಗಂಟೆಗೆ ಬಿಸಿಲು ಬರುವುದು ಅಲ್ಲಿಂದಲೇ. ಗಡಿಗೆಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟರೆ ಅಡಿಗೂ ಗಾಳಿ ಆಡುತ್ತದೆ. ತುಂಬುವ ಕೆಲಸ ಬೆಳಿಗ್ಗೆ ಆರಕ್ಕೇ ಮುಗಿಯಲಿ. ಮಾಳಿಗೆಯ ಸಿಂಟೆಕ್ಸ್ ನೀರು ಹನ್ನೆರಡಕ್ಕೆ ಸ್ನಾನದ ನೀರಿನಷ್ಟು ಕಾದಿರುತ್ತದೆ, ಅದನ್ನು ಗಡಿಗೆಗೆ ಸುರಿದರೆ ಸಂಜೆವರೆಗೂ ತಣಿಯುವುದಿಲ್ಲ.

ವಾಸನೆಗೆ ಕಾರಣ ಕೈ. ಗಡಿಗೆಯೊಳಗೆ ಲೋಟ ಅದ್ದಿದವರ ಬೆರಳು ನೀರಿಗೆ ತಾಗುತ್ತದೆ, ನಲವತ್ತನೆಯವರಿಗೆ ಮೂವತ್ತೊಂಬತ್ತು ಜನರ ಕೈ ತೊಳೆದ ನೀರು ಸಿಗುತ್ತದೆ. ಸರಪಳಿ ಕಟ್ಟಿದ ಸ್ಟೀಲ್ ಲೋಟ ಇನ್ನೂ ಕೆಟ್ಟದ್ದು, ಅದನ್ನು ಯಾರೂ ತೊಳೆಯುವುದಿಲ್ಲ. ನಲ್ಲಿ ಕೂಡಿಸಿದ ಗಡಿಗೆ ತನ್ನಿ, ಇಲ್ಲವೇ ಕೂತವರೇ ಉದ್ದ ಹಿಡಿಕೆಯ ಸೌಟಿನಿಂದ ಚರಿಗೆಗೆ ತುಂಬಿ ಎತ್ತರದಿಂದ ಹಾಕಲಿ. ಬಾಟಲಿ ತಂದವರಿಗೆ ತುಂಬಿ ಕೊಡಲಿ. ಬಾಯಿಗೆ ಬಿಗಿಯಾಗಿ ಕೂಡುವ ಮುಚ್ಚಳ ಬೇಕು, ತಾಟು ಮುಚ್ಚಿದರೆ ಜಾರುತ್ತದೆ.

ಇನ್ನು ನೀರಿನ ಮೂಲ. ಮಲಪ್ರಭೆಯ ನಲ್ಲಿ ನೀರು ವಾರಕ್ಕೊಮ್ಮೆ ಬಂದರೂ ಅದನ್ನೇ ಹಿಡಿದಿಡಿ. ಟ್ಯಾಂಕರ್ ನೀರಾದರೆ ಬ್ಲೀಚಿಂಗ್ ಪೌಡರ್ ಹಾಕದೆ ಕೊಡಬೇಡಿ. ತಿಳಿಯಾದ 1000 ಲೀಟರ್ ನೀರಿಗೆ ತಾಜಾ ಪುಡಿ 2.5 ಗ್ರಾಂ ಸಾಕು. ಅಷ್ಟು ಸಣ್ಣ ತೂಕ ಮನೆಯಲ್ಲಿ ಆಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ 25 ಗ್ರಾಂ ತೂಗಿಸಿ, ಹಾಳೆಯ ಮೇಲೆ ಹರವಿ, ಹತ್ತು ಸಮಪಾಲು ಮಾಡಿ. ಒಂದು ಪಾಲನ್ನು ಮಗ್ ನೀರಿನಲ್ಲಿ ಕದಡಿ ಹತ್ತು ನಿಮಿಷ ಬಿಡಿ, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಕೆಳಗಿನ ಸುಣ್ಣ ಚೆಲ್ಲಿ. ಒಂದು ಗಂಟೆ ಬಿಟ್ಟು ಬಳಸಿ. ಉಳಿದ ಪಾಲುಗಳು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಕತ್ತಲಲ್ಲಿರಲಿ, ಗಾಳಿ ಆಡಿದರೆ ಕ್ಲೋರಿನ್ ಹಾರಿಹೋಗುತ್ತದೆ. ಗಡಿಗೆಯಲ್ಲೂ ಕ್ಲೋರಿನ್ ಬಹಳ ಹೊತ್ತು ನಿಲ್ಲುವುದಿಲ್ಲ. ಸಂಜೆ ಉಳಿದದ್ದನ್ನು ಗಿಡಕ್ಕೆ ಹಾಕಿ, ನಾಳೆಗೆ ಇಡಬೇಡಿ.

ಗದಗ ಜಿಲ್ಲೆಯ ಓದುಗರಿಗೆ ಒಂದು ಮಾತು: ಮುಂಡರಗಿ ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಅದು ಕ್ಲೋರಿನ್‌ನಿಂದ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಲ್ಲಿ ಶುದ್ಧ ನೀರಿನ ಘಟಕದಿಂದಲೇ ತುಂಬಿ.

ಎಪಿಎಂಸಿಯೊಳಗ ಹಮಾಲಿ ಮಾಡ್ತೇವಿ. ಬಿಸಿಲು ಬಡಿದು ಬಿದ್ರ ಉಳ್ಳಾಗಡ್ಡಿ ತಿಕ್ಕಬೇಕು ಅಂತಾರ, ಸಕ್ಕರಿ ನೀರು ಕುಡಿಸಬೇಕು ಅಂತಾರ. ಯಾವುದು ಖರೆ?
– ಓದುಗರು, ಗದಗ

ಉಳ್ಳಾಗಡ್ಡಿಯಿಂದ ಹಾನಿಯಿಲ್ಲ, ಅದನ್ನು ಹುಡುಕಿ ತಂದು ತಿಕ್ಕುವ ಹತ್ತು ನಿಮಿಷದಿಂದ ಹಾನಿಯಿದೆ.

ಮೊದಲು ಮಾತಾಡಿಸಿ ನೋಡಿ. ತಲೆಸುತ್ತು, ಸುಸ್ತು, ಮೀನಖಂಡದಲ್ಲಿ ಸೆಳೆತ ಇದ್ದರೂ ಹೆಸರು, ಊರು ಸರಿಯಾಗಿ ಹೇಳಿದರೆ ನೆರಳಿಗೆ ತಂದು, ಅಂಗಿ ಸಡಿಲಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಬಡಬಡಿಸಿದರೆ, ಸುಮ್ಮನೆ ಸಿಟ್ಟಿಗೆದ್ದರೆ, ಕಣ್ಣು ತೇಲಿಸಿದರೆ ಅದು ಹೀಟ್ ಸ್ಟ್ರೋಕ್. ದೇಹದ ಒಳಗಿನ ಉಷ್ಣ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ಪೆಟ್ಟು ಬೀಳುತ್ತಿದೆ ಎಂದರ್ಥ. ‘ಬೆವರು ಬರ್ತಾ ಇದೆ, ಹೀಟ್ ಸ್ಟ್ರೋಕ್ ಅಲ್ಲ’ ಎಂದು ಕೂತುಬಿಡುವುದು ದೊಡ್ಡ ತಪ್ಪು. ಮುದುಕರಿಗೆ ಮೈ ಒಣಗಿರುತ್ತದೆ, ಮೂಟೆ ಹೊತ್ತವರಿಗೆ ಬೆವರು ಹರಿಯುತ್ತಲೇ ಇರಬಹುದು.

ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಗಾಡಿ ಬರುವವರೆಗೆ ಕಾಯದೆ ಅಲ್ಲೇ ತಂಪು ಮಾಡಲಿ. ಬಟ್ಟೆ ಬಿಚ್ಚಿ ಮೈತುಂಬ ನೀರು ಸುರಿಯಿರಿ, ರಟ್ಟು ಹಿಡಿದು ಇಬ್ಬರು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಅಥವಾ ಬಟ್ಟೆ ಸುತ್ತಿದ ಐಸು ಇಡಿ. ಒದ್ದೆ ಚಾದರ ಹೊದಿಸಿ ಬಿಟ್ಟುಬಿಟ್ಟರೆ ಅದೇ ಬೆಚ್ಚಗಾಗಿ ಶಾಖ ಹಿಡಿದಿಡುತ್ತದೆ, ಮೇಲೆ ಗಾಳಿ ಆಡಲೇಬೇಕು. ಎಚ್ಚರ ತಪ್ಪಿದವರ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಜ್ವರದ ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಹಮಾಲರ ಕೋಣೆಯಲ್ಲಿ ಓಆರ್‌ಎಸ್ ಇಡುವ ದಾನಿಗಳಿಗೆ: 20.5 ಗ್ರಾಂನ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಅತಿಯಾಗಿ ದಾಹ ಇನ್ನೂ ಏರುತ್ತದೆ. ಕಲಸಿದ್ದು 24 ಗಂಟೆ ಮಾತ್ರ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ತಲೆ ಸಮ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬರೀ ಸಕ್ಕರೆ ನೀರು ಸಾಲದು. ಬಣ್ಣದ ಟೆಟ್ರಾ ಪ್ಯಾಕುಗಳಲ್ಲಿ ಸಕ್ಕರೆಯೇ ಜಾಸ್ತಿ. ನಿಗದಿತ ಪ್ರಮಾಣದಲ್ಲಿಲ್ಲದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಬಿಪಿ, ಕಿಡ್ನಿ ತೊಂದರೆ ಇರುವವರು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಲಿ.

ಸೂಟಿಗೆ ಮೊಮ್ಮಕ್ಕಳು ಬರುತ್ತಾರೆ. ಹೊಲದಲ್ಲಿ ಕೃಷಿ ಹೊಂಡ ಇದೆ, ಈಜು ಬಲ್ಲ ಮಕ್ಕಳೇ. ಆದರೂ ಹೆದರಿಕೆ.
– ಓದುಗರು, ಬ್ಯಾಡಗಿ ತಾಲೂಕು

ಹೆದರಿಕೆ ಸರಿಯಾಗಿಯೇ ಇದೆ. ಬಾವಿಗೆ ಮೆಟ್ಟಿಲಿರುತ್ತದೆ, ಕೆರೆಗೆ ದಂಡೆಯಿರುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ನೀರಿನ ಮಟ್ಟದಲ್ಲಿ ಪಾಚಿಯ ಲೋಳೆ ಕಟ್ಟಿರುತ್ತದೆ. ಈಜಿ ಅಂಚಿಗೆ ಬಂದವರಿಗೆ ಮೇಲೆ ಹತ್ತಲು ಆಗುವುದಿಲ್ಲ. ಕಾಲು ಊರಿದಷ್ಟೂ ಜಾರುತ್ತದೆ, ಐದಾರು ಸಲ ಯತ್ನಿಸುವಷ್ಟರಲ್ಲಿ ತೋಳು ಸೋಲುತ್ತದೆ. ಮುಳುಗುವವರೆಲ್ಲ ಈಜು ಬಾರದವರೇನಲ್ಲ.

12 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ನಾಲ್ಕೂ ಬದಿಗೆ ಒಂದೊಂದು ಇಳಿಬಿಡಿ. ಮೇಲ್ತುದಿಯನ್ನು ಎರಡಡಿ ಆಳ ಹೂತ ಕಲ್ಲುಗೂಟಕ್ಕೆ ಕಟ್ಟಿ, ಬೇಲಿಯ ಕಟ್ಟಿಗೆಗೆ ಬೇಡ. ಕೆಳತುದಿ ಹೊಂಡದ ತಳ ಮುಟ್ಟಬೇಕು. ಈಗ ನೀರು ತುಂಬಿದೆ ಎಂದು ಅರ್ಧಕ್ಕೆ ಕತ್ತರಿಸಿದರೆ ಏಪ್ರಿಲ್‌ನಲ್ಲಿ ಹಗ್ಗ ನೀರಿಗೆ ಎಟುಕುವುದಿಲ್ಲ. 15 × 15 × 3 ಮೀಟರಿನ ಹೊಂಡಕ್ಕೆ ಇದೇನು ದೊಡ್ಡ ಖರ್ಚಲ್ಲ. ಇದರ ಜೊತೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಕೆಗೆ ಹತ್ತು ಹನ್ನೆರಡು ಮೀಟರ್ ಹಗ್ಗ ಕಟ್ಟಿ ಗೂಟಕ್ಕೆ ನೇತುಹಾಕಿ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ತೇಲಿ ಎಲ್ಲೋ ಬೀಳುತ್ತದೆ, ಆ ನೀರಿನ ಭಾರಕ್ಕೇ ಗುರಿ ಸಿಗುವುದು.

ಯಾರಾದರೂ ಬಿದ್ದರೆ ಜಿಗಿಯಬೇಡಿ, ಕ್ಯಾನು ಎಸೆಯಿರಿ. ಒಬ್ಬರ ಹಿಂದೆ ಒಬ್ಬರು ಇಳಿದು ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಹೀಗೇ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿಯುವುದು ಬೇಡ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಂದ ಬಾಯಿಗೆ ಐದು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ ಎರಡು ಉಸಿರು, ಹೀಗೆ 108 ಬರುವವರೆಗೆ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಏರಬಹುದು.

ಬೇಲಿ? ಐದಡಿ ಜಾಲರಿ, ಬೀಗ ಹಾಕುವ ಗೇಟು. ಜಾಲಿಮುಳ್ಳು ನಾಯಿಯನ್ನು ತಡೆದೀತು, ಹತ್ತು ವರ್ಷದ ಹುಡುಗನನ್ನಲ್ಲ.

ಮದುವೆಯಲ್ಲಿ ಉಳಿದ ಅಡುಗೆಯನ್ನು ಆಶ್ರಮಕ್ಕೆ ಕೊಡಬೇಕೆಂದಿದ್ದೇವೆ. ಯಾರಿಗೆ ಕೊಡುವುದು?
– ಓದುಗರು, ಧಾರವಾಡ

‘ಉಳಿದದ್ದು’ ಎಂಬ ಮಾತನ್ನೇ ಬಿಡಿ. ಮಧ್ಯಾಹ್ನ ಒಂದಕ್ಕೆ ಇಳಿಸಿದ ಅನ್ನ ನಾಲ್ಕಕ್ಕೆ ಟೆಂಪೋ ಹತ್ತಿದರೆ ಮೇ ತಿಂಗಳ ಸೆಕೆಗೆ ಅದು ದಾನವಲ್ಲ, ಭೇದಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಕೊಡುವುದಿದ್ದರೆ ಮೊದಲ ಪಂಕ್ತಿ ಕೂಡುವ ಮುಂಚೆಯೇ ಎತ್ತಿಟ್ಟು, ಮುಚ್ಚಳ ಬಿಗಿದು, ಎರಡು ತಾಸಿನೊಳಗೆ ಉಣ್ಣುವವರ ಎಲೆಗೆ ಮುಟ್ಟಿಸಿ. ಕೊಸಂಬರಿ, ಕಾಯಿತುರಿ ಹಾಕಿದ ಪಲ್ಯ, ಮೊಸರನ್ನ ಬೇಡವೇ ಬೇಡ.

ಹುಬ್ಬಳ್ಳಿಯ ಸಿದ್ಧಾರೂಢ ಮಠ, ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ದಾಸೋಹ ದಿನವೂ ನಡೆಯುತ್ತದೆ. ಅಲ್ಲಿ ಅಡುಗೆ ಆಗಿಯೇ ಇರುತ್ತದೆ, ನಿಮ್ಮ ನೂರು ಊಟ ತಟ್ಟನೆ ಬಂದರೆ ಅವರದ್ದು ಉಳಿಯುತ್ತದೆ. ಜೋಳ, ತೊಗರಿಬೇಳೆ, ಎಣ್ಣೆ ಕೊಡಿ, ಯಾವುದು ಕಡಿಮೆಯಿದೆ ಎಂದು ಕೇಳಿ ಕೊಡಿ. ಮಾಡಿದ್ದನ್ನೇ ಕೊಡುವ ಆಸೆಯಿದ್ದರೆ ನಮ್ಮ ಕಡೆಯ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯದಿಲ್ಲ. 2019ರ ನೆರೆಯಲ್ಲಿ ಹೊಟ್ಟೆ ಹಿಡಿದದ್ದು ಅದೇ. ರೊಟ್ಟಿ ಪೂರ್ತಿ ಆರುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವತು ಬೂಸು ಬರುತ್ತದೆ, ಬಟ್ಟೆಯಲ್ಲೇ ಸುತ್ತಿ.

ವಾಟ್ಸ್ಯಾಪಿನಲ್ಲಿ ಆಸ್ಪತ್ರೆ ಖರ್ಚಿಗೆ ಕ್ಯೂಆರ್ ಕೋಡ್ ಬರುತ್ತಿರುತ್ತದೆ. ನಂಬಬಹುದೆ? ತೆರಿಗೆ ವಿನಾಯಿತಿ ಸಿಗುತ್ತದೆಯೆ?
– ಓದುಗರು, ರಾಣೆಬೆನ್ನೂರು

ಸ್ಕ್ಯಾನ್ ಮಾಡಿದಾಗ ಬರುವ ಹೆಸರು ರೋಗಿಯದ್ದೂ ಅಲ್ಲ, ಮನೆಯವರದ್ದೂ ಅಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ಹೆಸರು, ರೋಗಿಯ ನೋಂದಣಿ ಸಂಖ್ಯೆ ಕೇಳಿ, ಆಸ್ಪತ್ರೆಯ ಬಿಲ್ ಕೌಂಟರಿಗೆ ನೇರ ಕಟ್ಟಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಬಿಪಿಎಲ್ ಕಾರ್ಡ್ ಇದೆಯೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಜಿ ಹಾಕಿದ್ದಾರೆಯೆ? ಆ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಇದನ್ನು ತಾರದೆ ಅಡ್ಮಿಟ್ ಆಗಿಬಿಟ್ಟು ಆಮೇಲೆ ಪೇಚಾಡುವವರು ಬಹಳ. ಈ ಯೋಜನೆಯ ನೆರವಿಗೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಲಿ.

ವಿನಾಯಿತಿ ಒಬ್ಬ ವ್ಯಕ್ತಿಗೆ ಕೊಟ್ಟ ಹಣಕ್ಕಿಲ್ಲ. ಜನರ ಬಾಯಲ್ಲಿ 80ಜಿ ಎಂದಿರುವ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ. 2000 ರೂಪಾಯಿ ಮೀರಿದ ನಗದಿಗೆ, ಅಕ್ಕಿ ಬಟ್ಟೆಗೆ ಲೆಕ್ಕವಿಲ್ಲ.

ಏಪ್ರಿಲ್–ಮೇನಲ್ಲಿ ರಕ್ತದಾನ ಮಾಡಬಹುದೆ? ಬಿಸಿಲಿಗೆ ತಲೆ ತಿರುಗುತ್ತದೆ ಎನ್ನುತ್ತಾರೆ.
– ಓದುಗರು, ನವನಗರ, ಹುಬ್ಬಳ್ಳಿ

ಮಾಡಬೇಕಾದದ್ದೇ ಆಗ. ಕಾಲೇಜುಗಳಿಗೆ ಸೂಟಿ ಬಿದ್ದರೆ ಶಿಬಿರಗಳು ನಿಲ್ಲುತ್ತವೆ, ದಾನದ ರಕ್ತದಿಂದ ತೆಗೆದಿಟ್ಟ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. 18 ತುಂಬಿ, ತೂಕ 45 ಕಿಲೋಗೆ ಕಡಿಮೆಯಿಲ್ಲದೆ, ಹಿಮೋಗ್ಲೋಬಿನ್ 12.5 ಇದ್ದರೆ ಸರಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಬೆಳಿಗ್ಗೆ ತಿಂಡಿ ತಿಂದು, ಅರ್ಧ ಲೀಟರ್ ನೀರು ಕುಡಿದು ಹೋಗಿ. ಕೊಟ್ಟ ಮೇಲೆ ಹದಿನೈದು ನಿಮಿಷ ಕೂತು ಏಳಿ, ಆ ಮಧ್ಯಾಹ್ನ ಬೈಕ್ ಏರಿ ಊರೂರು ಸುತ್ತಬೇಡಿ.

ಮಾಳಿಗೆ ಮೇಲೆ ಹಕ್ಕಿಗೆ ನೀರಿಟ್ಟರೆ ಡೆಂಗ್ಯೂ ಸೊಳ್ಳೆ ಆಗುತ್ತದೆ ಎಂದು ಪಕ್ಕದ ಮನೆಯವರ ತಕರಾರು.
– ಓದುಗರು, ಹಾವೇರಿ

ಅವರ ತಕರಾರಿನಲ್ಲಿ ಹುರುಳಿದೆ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ದಿನಾ ಚೆಲ್ಲಿ ಹೊಸ ನೀರು ಹಾಕಿ. ಮೊಟ್ಟೆ ಅಂಟಿರುವುದು ನೀರಿನ ಅಂಚಿನ ಗೋಡೆಗೆ, ಒಣಗಿದರೂ ತಿಂಗಳುಗಟ್ಟಲೆ ಸಾಯದು. ಅದಕ್ಕೆ ವಾರಕ್ಕೊಮ್ಮೆ ಬಟ್ಟಲನ್ನು ತಿಕ್ಕಿ ತೊಳೆಯಬೇಕು, ನಿಮ್ಮ ನೀರಿನ ಬ್ಯಾರಲ್ಲನ್ನೂ. ಎರಡು ಇಂಚು ಆಳದ ಅಗಲ ಮಣ್ಣಿನ ಬಟ್ಟಲು ಇಡಿ, ಸ್ಟೀಲ್ ತಾಟು ಕಾಲು ಸುಡುತ್ತದೆ. ನಡುವೆ ನೀರಿನಿಂದ ಮೇಲೆ ಕಾಣುವಂತೆ ಒಂದು ಒರಟು ಕಲ್ಲು ಇದ್ದರೆ ಜೇನುಹುಳವೂ ಮುಳುಗದೆ ಕುಡಿದು ಹೋಗುತ್ತದೆ.